ಕೋವಿಯ ವಾರಸು

ಮೂಡುಬಿದಿರೆ
11 ಆಗಸ್ಟ್ 2025

ಅಪ್ಪನಿಗೆ,

ನಿನ್ನೆ ಫೋನಿನಲ್ಲಿ ನೀವು ಒಂದು ಹೇಳಿದಿರಿ, ನಾನು ಎರಡು ಹೇಳಿದೆ, ಮೂರನೆಯದು ಹೇಳುವಷ್ಟರಲ್ಲಿ ಫೋನು ಅಮ್ಮನ ಕೈಯಲ್ಲಿತ್ತು. ಅಮ್ಮ "ಅಲ್ಲಿ ಮಳೆ ಹೇಗುಂಟು" ಎಂದು ಕೇಳಿದಳು. ನಮ್ಮ ಮನೆಯ ಜಗಳಗಳೆಲ್ಲ ಮುಗಿಯುವುದು ಮಳೆಯಲ್ಲಿಯೇ. ಈ ಜಗಳ ಹಾಗೆ ಮುಗಿಯುವುದು ಬೇಡ ಎಂದು ಕಾಗದ ಹಿಡಿದು ಕುಳಿತಿದ್ದೇನೆ. ತೃಷಾ ಊಟ ಮಾಡಿ ಮಲಗಿದ್ದಾಳೆ. ಅವಳು ಮಲಗಿದಾಗ ನೀನೂ ಸ್ವಲ್ಪ ಮಲಗು ಎಂದು ಎಲ್ಲರೂ ಹೇಳುತ್ತಾರೆ. ಮಲಗಿದರೆ ನಿದ್ದೆ ಬರುವವರು ಹೇಳುವ ಮಾತು ಅದು.

ನೀವು ಕೇಳಿದ್ದು ನನಗೆ ಅರ್ಥವಾದದ್ದು ಹೀಗೆ. ನಿಮ್ಮ ಕೋವಿಯ ಲೈಸೆನ್ಸ್ ಡಿಸೆಂಬರ್ ಕೊನೆಗೆ ಮುಗಿಯುತ್ತದೆ. ನಿಮ್ಮ ಬಲಗೈ ನಡುಗುವುದರಿಂದ ನವೀಕರಣಕ್ಕೆ ಬೇಕಾದ ವೈದ್ಯರ ಸರ್ಟಿಫಿಕೇಟ್ ಸಿಗುವುದಿಲ್ಲ. ಎಪ್ಪತ್ತು ದಾಟಿದವರು ತಮ್ಮ ವಾರಸುದಾರರೊಬ್ಬರ ಹೆಸರಿಗೆ ಮಾಡಿಸಿಕೊಡಬಹುದು ಎಂಬ ನಿಯಮ ಉಂಟು. ಹಾಗೆ ನೀವು ಬಿ.ಸಿ. ರೋಡಿನ ರೋಹಿತಣ್ಣನ ಹೆಸರು ಬರೆದು ಅರ್ಜಿ ಕೊಟ್ಟಿರಿ. ತಂಗಿಯ ಮಗನಲ್ಲದೆ ಬೇರೆ ಯಾರು ಎಂಬುದು ನಿಮ್ಮ ಲೆಕ್ಕ. ಆ ನಿಯಮದ ವಾರಸುದಾರರಲ್ಲಿ ಹೆಂಡತಿ, ಮಕ್ಕಳು, ಸೊಸೆ, ಮಗಳ ಗಂಡ, ಅಣ್ಣತಮ್ಮ, ಅಕ್ಕತಂಗಿ ಎಲ್ಲ ಇದ್ದಾರೆ, ತಂಗಿಯ ಮಗ ಇಲ್ಲ. ಆದ್ದರಿಂದ ಡಿ.ಸಿ. ಕಚೇರಿಯಿಂದ ಆಗುವುದಿಲ್ಲ ಎಂದು ಹಿಂಬರಹ ಬಂತು. ರೋಹಿತಣ್ಣನ ಅಮ್ಮ ಈಗಿಲ್ಲ. ಅಮ್ಮನಿಗೆ ದೂರದ್ದು ಸರಿ ಕಾಣುವುದಿಲ್ಲ. ನನ್ನ ಗಂಡ ಬಹ್ರೈನಿನಲ್ಲಿ. ಉಳಿದವಳು ನಾನು.

ಅಪ್ಪ, ನನಗೆ ಬೇಡ. ತೃಷಾಳಿಗೆ ಮೂರು ವರ್ಷ. ಕುರ್ಚಿ ಎಳೆದುಕೊಂಡು ಎಲ್ಲಿ ಬೇಕಾದರೂ ಹತ್ತುತ್ತಾಳೆ. ಮೊನ್ನೆ ಫ್ರಿಜ್ಜಿನ ಮೇಲಿದ್ದ ಕತ್ತರಿ ಅವಳ ಕೈಯಲ್ಲಿತ್ತು. ಕೋವಿ ನನ್ನ ಹೆಸರಿನಲ್ಲಿದ್ದು ನಿಮ್ಮ ಗೋಡೆಯಲ್ಲಿದ್ದರೆ ಅದೂ ತಪ್ಪು. ಯಾರ ಹೆಸರಿನಲ್ಲಿ ಉಂಟೋ ಅವರ ಸುಪರ್ದಿಯಲ್ಲೇ ಇರಬೇಕು. ಅದನ್ನು ಠಾಣೆಗೆ ಒಪ್ಪಿಸಿಬಿಡಿ. ಗದ್ದೆಗೆ ಬರುವ ಕಾಡುಹಂದಿಗೆ ಸೋಲಾರ್ ಬೇಲಿ ಹಾಕುವ, ಭವಿತ್ ಬಹ್ರೈನಿನಿಂದ ಹಣ ಕಳುಹಿಸುತ್ತೇನೆ ಎಂದಿದ್ದಾರೆ.

ಇದನ್ನು ವೇಣೂರು ಬಸ್ಸಿನ ಕಂಡಕ್ಟರ್ ನಿಝಾಮ್ ಕೈಯಲ್ಲಿ ಕೊಡುತ್ತೇನೆ. ರುಕ್ಮಯ್ಯಣ್ಣನ ಅಂಗಡಿಗೆ ಹಾಕುತ್ತಾನಂತೆ.

ನಿಮ್ಮ ಸಾತ್ವಿಕಾ


ವೇಣೂರು
19 ಆಗಸ್ಟ್ 2025

ಮಗಳು ಸಾತ್ವಿಕಾಳಿಗೆ,

ಕಾಗದ ಬಂತು. ನಿಝಾಮ್ ಬಸ್ಸು ನಿಲ್ಲಿಸದೆ ಎಸೆದ, ರುಕ್ಮಯ್ಯ ಹಿಡಿದ. ಅರ್ಧ ಗಂಟೆಯ ದಾರಿಗೆ ಕಾಗದ ಬರೆಯುವ ಮಗಳು ಈ ಸೀಮೆಯಲ್ಲಿ ನನಗೊಬ್ಬನಿಗೇ ಇರುವುದು ಎಂದು ಅವನ ಅಂಗಡಿಯಲ್ಲಿ ಮಾತಾಯಿತು. ಇರಲಿ. ನನಗೂ ಫೋನಿಗಿಂತ ಇದು ಅನುಕೂಲ. ನೀನು ನಡುವೆ ಬಾಯಿ ಹಾಕಲಿಕ್ಕೆ ಆಗುವುದಿಲ್ಲ.

ಈಗ ಕೇಳು. ನನ್ನ ಸೋದರಮಾವನ ಮಾವ ಎತ್ತಿನ ಗಾಡಿಯಲ್ಲಿ ಮಂಗಳೂರಿಗೆ ಹೋಗಿ, ಕಲೆಕ್ಟರ ಕಚೇರಿಯ ಹೊರಗೆ ಕಾದು ಕುಳಿತು ತಂದ ಲೈಸೆನ್ಸ್ ಅದು. ಆ ಕಾಲದಲ್ಲಿ ಬಿಳಿಯರಿಗೆ ಲೈಸೆನ್ಸೇ ಬೇಡ. ಐವತ್ತೇಳರ ದಂಗೆಯ ನಂತರ ಹೆದರಿಕೆ ಹೊಟ್ಟೆಯೊಳಗೆ ಇಟ್ಟುಕೊಂಡು, 1878ರಲ್ಲಿ ಕಾಯ್ದೆ ಮಾಡಿದರು: ನಮ್ಮ ನೆಲದಲ್ಲಿ ನಮಗೆ ಕೋವಿ ಬೇಕಾದರೆ ಅವರ ಅಪ್ಪಣೆ, ಅವರಿಗೆ ಬೇಕಾದರೆ ಅಪ್ಪಣೆ ಯಾರದ್ದೂ ಬೇಡ. ಆ ಕಾಯ್ದೆಯನ್ನು ಬೈದುಕೊಂಡೇ ನಮ್ಮವರು ಸ್ವಾತಂತ್ರ್ಯ ತಂದರು. ತಂದ ಮೇಲೆ ಅದನ್ನು ಹರಿದು ಹಾಕಬೇಕಿತ್ತು. 1959ರಲ್ಲಿ ಅದಕ್ಕೇ ಹೊಸ ಅಂಗಿ ತೊಡಿಸಿದರು. ಸಂಪಾಜೆ ದಾಟಿ ಆಚೆ ಕೊಡಗಿಗೆ ಹೋದರೆ ಕೊಡವರಿಗೆ ಲೈಸೆನ್ಸ್ ಬೇಡ. ಹಂದಿ ಅಲ್ಲಿಯೂ ಹಂದಿ, ಇಲ್ಲಿಯೂ ಹಂದಿ. ಸಮಾನತೆ ಎಂದು ಹದಿನಾಲ್ಕನೇ ವಿಧಿಯಲ್ಲಿ ಬರೆದದ್ದು ಸಂಪಾಜೆಯ ಈಚೆಗೆ ಮಾತ್ರವಾ?

ಅದು ಸಾಲದು ಎಂದು ಚುನಾವಣೆ ಬಂದ ಕೂಡಲೇ ಕೋವಿ ಠಾಣೆಗೆ ತಂದು ಇಡಿ ಎನ್ನುತ್ತಾರೆ. ಕಳೆದ ವರ್ಷ ಲೋಕಸಭೆಗೆಂದು ಇಟ್ಟು ಬಂದದ್ದು ಮಳೆಗಾಲ ಶುರುವಾದ ಮೇಲೆ ಸಿಕ್ಕಿತು. ನಳಿಗೆಯಲ್ಲಿ ತುಕ್ಕು. ವೋಟು ಕೇಳಲಿಕ್ಕೆ ಬಂದವರನ್ನು ಹೊಡೆಯಬೇಕು ಎಂದು ನನಗೆ ಅನಿಸಿದ್ದು ಉಂಟು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ಗುಂಡಿನ ತೋಟೆಗೆ ಎಷ್ಟು ಕ್ರಯ ಎಂದು ನಿನಗೆ ಗೊತ್ತಿಲ್ಲ.

ರೋಹಿತನ ವಿಷಯ. ಈ ಮನೆಗೆ, ಈ ಗದ್ದೆಗೆ, ಆ ಕೋವಿಗೆ ನಾನು ಯಜಮಾನನಾದದ್ದು ನನ್ನ ಅಪ್ಪನಿಂದ ಅಲ್ಲ, ಮಾವನಿಂದ. ನಮ್ಮದು ಅಳಿಯಕಟ್ಟು, ಮಾವನದ್ದು ತಂಗಿಯ ಮಗನಿಗೆ. ಅದಕ್ಕೆ 1949ರಲ್ಲಿ ಪ್ರತ್ಯೇಕ ಕಾಯ್ದೆಯೇ ಆಗಿದೆ. ರೂಢಿಗೂ ಕಾನೂನಿನ ಬಲ ಉಂಟು ಎಂದು ಹದಿಮೂರನೇ ವಿಧಿಯಲ್ಲಿ ಇರುವುದು ಹೌದೋ ಅಲ್ಲವೋ? ಕಾಲೇಜಿನಲ್ಲಿ ಸಂವಿಧಾನ ಪಾಠ ಮಾಡಿದವಳು ನೀನು. ಡೆಲ್ಲಿಯಲ್ಲಿ ಕುಳಿತು ನಿಯಮ ಬರೆದವನಿಗೆ ತಂಗಿಯ ಮಗ ಎಂದರೆ ಯಾರು ಎಂದು ಗೊತ್ತಿಲ್ಲ. ಗೊತ್ತಿಲ್ಲದವನ ತಪ್ಪಿಗೆ ನನ್ನ ಅರ್ಜಿ ವಾಪಸು. ಬೆಂಗಳೂರಿಗೆ ಹೋಗಿ ರಿಟ್ ಹಾಕುವ ಎಂದು ರೋಹಿತ ಹೇಳುತ್ತಾನೆ. ಅದಕ್ಕೆ ಮೊದಲು ನಿನ್ನನ್ನು ಕೇಳಿದೆ. ನಿನ್ನ ಆಧಾರ್ ಇನ್ನೂ ಇಲ್ಲಿಯದೇ, ವೋಟೂ ಇಲ್ಲಿಯೇ. ನಿನ್ನ ಹೆಸರು ಕಾಗದದಲ್ಲಿ ಇದ್ದರೆ ಸಾಕು, ನೀನು ಅದನ್ನು ಮುಟ್ಟುವುದೂ ಬೇಡ.

ಮಗುವಿನ ನೆಪ ಹೇಳಬೇಡ. ನೀನೂ ಅದೇ ಗೋಡೆಯ ಕೆಳಗೆ ಅಂಬೆಗಾಲಿಟ್ಟವಳು. ಮತ್ತೆ, ತೃಷಾ ಈ ಮನೆಯಲ್ಲಿ ಎಷ್ಟು ಹೊತ್ತು ಇರುತ್ತಾಳೆ? ಬಾಣಂತನ ಅರ್ಧಕ್ಕೆ ಬಿಟ್ಟು ಹೋದವಳು ನೀನು. ಆಮೇಲೆ ಇಲ್ಲಿ ಒಂದು ರಾತ್ರಿ ಉಳಿದದ್ದಿಲ್ಲ. ಬೆಳಿಗ್ಗೆ ಬರುತ್ತಿ, ಸಂಜೆಯ ಬಸ್ಸಿಗೆ ಚೀಲ ಹಿಡಿದು ನಿಲ್ಲುತ್ತಿ. ಕಾರಣ ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಅಪ್ಪ
ಸುಬ್ಬಯ್ಯ ಶೆಟ್ಟಿ


ಮೂಡುಬಿದಿರೆ
2 ಸೆಪ್ಟೆಂಬರ್ 2025

ಅಪ್ಪನಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಒಮ್ಮೆ ಸಿಟ್ಟಿನಲ್ಲಿ, ಒಮ್ಮೆ ಕಾಲೇಜಿನವಳ ಹಾಗೆ. ಎರಡನೆಯದಕ್ಕೆ ಉತ್ತರ ಬರೆಯುತ್ತೇನೆ.

1878ರ ಕಾಯ್ದೆ ಅಪನಂಬಿಕೆಯಿಂದ ಹುಟ್ಟಿದ್ದು. ಅದರಲ್ಲಿ ನಿಮ್ಮ ಮಾತು ಪೂರ್ತಿ ಸರಿ. 1931ರಲ್ಲಿ ಕರಾಚಿಯಲ್ಲಿ ಕಾಂಗ್ರೆಸ್ ಹಕ್ಕುಗಳ ಪಟ್ಟಿ ಮಾಡಿದಾಗ ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಿದ್ದರು, ನಿಯಮಗಳಿಗೆ ಒಳಪಟ್ಟು ಎಂದು. ಆಮೇಲೆ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದೇ ಮಾತನ್ನು ಮೂಲಭೂತ ಹಕ್ಕುಗಳಿಗೆ ಸೇರಿಸಿ ಎಂದು ಎದ್ದು ನಿಂತದ್ದು ಯಾರು ಗೊತ್ತುಂಟಾ? ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಾಮತ್ ಎಂಬ ಸದಸ್ಯರು. ಅದು ನಿಮಗೆ ಖುಷಿ ಕೊಡುತ್ತದೆ ಎಂದು ಬರೆದೆ. ಸಭೆ ಒಪ್ಪಲಿಲ್ಲ ಎನ್ನುವುದನ್ನೂ ಬರೆಯಬೇಕಲ್ಲ. ದೇಶ ಎರಡು ತುಂಡಾಗಿ ಊರೂರಲ್ಲಿ ರಕ್ತ ಹರಿದು ಒಂದು ವರ್ಷ ಕಳೆದಿತ್ತಷ್ಟೆ. ಯಾರು ಬೇಕಾದರೂ ಪೇಟೆಗೆ ಹೋಗಿ ಆಯುಧ ಕೊಳ್ಳಬಹುದಾದರೆ ಆಡಳಿತ ನಡೆಯುವುದು ಹೇಗೆ ಎಂಬ ಅರ್ಥದ ಉತ್ತರ ಬಂತು, ತಿದ್ದುಪಡಿ ಬಿದ್ದುಹೋಯಿತು. ಕೊನೆಗೆ ನಮ್ಮ ಮೂಲಭೂತ ಹಕ್ಕುಗಳ ಹತ್ತೊಂಬತ್ತನೇ ವಿಧಿಯಲ್ಲಿ ಆಯುಧ ಎಂಬ ಶಬ್ದ ಬರುವುದು ಒಂದು ಕಡೆ: ಶಾಂತಿಯಿಂದ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕು ಎಂದು. ನಾನು ಪ್ರತಿವರ್ಷ ಇದನ್ನು ಪಾಠ ಮಾಡುವಾಗ ಹಿಂದಿನ ಬೆಂಚಿನವರು ನಗುತ್ತಿದ್ದರು.

ಹಾಗಾಗಿ ಪಿಸ್ತೂಲಿರಲಿ, ನಿಮ್ಮ ಒಂಟಿ ನಳಿಗೆಯ ಕೋವಿಯಿರಲಿ, ಅದು ಮೂಲಭೂತ ಹಕ್ಕಲ್ಲ. ಜೀವದ ಹಕ್ಕಿನ ಒಳಗೆ ಅದೂ ಬರುತ್ತದೆ ಎಂದು ವಾದ ಮಾಡಿದವರಿದ್ದಾರೆ, ಕೋರ್ಟುಗಳು ಹೆಚ್ಚಾಗಿ ಒಪ್ಪಿಲ್ಲ. ಆದರೆ 1959ರದ್ದು ಹಳೆಯದಕ್ಕೆ ತೊಡಿಸಿದ ಅಂಗಿ ಮಾತ್ರ ಅಲ್ಲ. ಲೈಸೆನ್ಸ್ ಕೊಡದಿದ್ದರೆ ಕಾರಣ ಬರೆದಿಡಬೇಕು, ಅದರ ಮೇಲೆ ಅಪೀಲು ಉಂಟು. ಎತ್ತಿನ ಗಾಡಿಯಲ್ಲಿ ಹೋದ ಅಜ್ಜನಿಗೆ ಕಲೆಕ್ಟರ ಮುಖವೇ ಕಾನೂನು. ನಿಮಗೆ ಹಿಂಬರಹ ಬಂತು. ಒಪ್ಪದಿದ್ದರೆ ಪ್ರಶ್ನೆ ಮಾಡಬಹುದು. ಕೊಡವರ ವಿನಾಯಿತಿಯನ್ನು ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ, ಹಿಂದಿನಿಂದ ಬಂದ ಸಂಪ್ರದಾಯ ಎಂದು. ಅದರ ಬಗ್ಗೆ ನನಗೂ ಸಂಶಯ ಉಂಟು. ಚುನಾವಣೆಗೆ ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ತರಿಸುವ ಬಗ್ಗೆಯೂ ಉಂಟು. ಒಬ್ಬೊಬ್ಬರ ವಿಷಯ ನೋಡಿ ತೀರ್ಮಾನ ಮಾಡಬೇಕೆಂದು ಕೋರ್ಟು ಹೇಳಿದೆ. ಅಲ್ಲಿ ನಾನು ನಿಮ್ಮ ಕಡೆ.

ರೋಹಿತಣ್ಣನ ವಿಷಯದಲ್ಲಿ ಅಲ್ಲ. ಅಳಿಯಕಟ್ಟು ಆಸ್ತಿಗೆ. ಕೋವಿ ಎಂಬ ಕಬ್ಬಿಣ ಮತ್ತು ಮರ ನಿಮ್ಮ ಆಸ್ತಿ, ಬೇಕಾದರೆ ಮಾರಬಹುದು. ಅದನ್ನು ಇಟ್ಟುಕೊಳ್ಳುವ ಅಪ್ಪಣೆ ನಿಮ್ಮ ಆಸ್ತಿಯಲ್ಲ, ಅದು ಯಾರಿಗೂ ಇಳಿದು ಬರುವುದಿಲ್ಲ. ವಾರಸುದಾರ ಆದವನೂ ಹೊಸದಾಗಿ ಅರ್ಜಿ ಹಾಕಿ, ಹೊಸದಾಗಿ ಪರೀಕ್ಷೆಗೆ ಒಳಗಾಗಬೇಕು. ನಮ್ಮೂರಿನವರಿಗೆ ಇದು ಅರ್ಥವಾಗುವುದೇ ಇಲ್ಲ. ಎಲ್ಲರಿಗೂ ಕೋವಿ ಎಂದರೆ "ಮನೆಯ ಬೆಡಿ". ನೀವು ಊರಲ್ಲಿಲ್ಲದಾಗ ರುಕ್ಮಯ್ಯಣ್ಣ ಏಣಿ ಕೇಳಿದ ಹಾಗೆ ಬಂದು ಕೇಳುತ್ತಿದ್ದರು, ಅಮ್ಮ ಏಣಿ ಕೊಟ್ಟ ಹಾಗೆ ಕೊಡುತ್ತಿದ್ದಳು. ಲೈಸೆನ್ಸ್ ಮನೆಗೆ ಅಲ್ಲ ಅಪ್ಪ, ಮನುಷ್ಯನಿಗೆ. ಈ ಮನುಷ್ಯನ ಕೈಯಲ್ಲಿ ಇದು ಇರಬಹುದಾ ಎಂದು ಕೇಳುತ್ತಾರೆ. ಆ ಪ್ರಶ್ನೆ ಅಗತ್ಯ ಎಂದು ನನಗೆ ಅನಿಸುತ್ತದೆ.

ಅರ್ಜಿದಾರರ ದೇಹ ಮತ್ತು ಮನಸ್ಸು ಎರಡೂ ಸ್ವಸ್ಥ ಎಂದು ವೈದ್ಯರು ಬರೆದುಕೊಡಬೇಕಂತೆ. ನಿಯಮ ತೆಗೆದು ನೋಡಿದೆ.

ತೃಷಾ ಎದ್ದಳು. ಉಳಿದದ್ದು ಇನ್ನೊಮ್ಮೆ.

ಸಾತ್ವಿಕಾ


ವೇಣೂರು
24 ಸೆಪ್ಟೆಂಬರ್ 2025

ಸಾತ್ವಿಕಾಳಿಗೆ,

ಕಾಮತರ ವಿಷಯ ರುಕ್ಮಯ್ಯನ ಅಂಗಡಿಯಲ್ಲಿ ಓದಿ ಹೇಳಿದೆ. ಅವರಿಗೆ ಚಪ್ಪಾಳೆ ಬಿತ್ತು. ಸೋತರು ಎಂದು ಹೇಳಿದ ಮೇಲೆ ಎಲ್ಲರೂ ಚಹಾ ಕುಡಿದರು. ನೀನು ಬರೆದ ಏಣಿಯ ಮಾತನ್ನು ಓದಲಿಲ್ಲ.

ಆಸ್ತಿ ಬೇರೆ ಅಪ್ಪಣೆ ಬೇರೆ ಎಂದದ್ದನ್ನು ಅರ್ಧ ಒಪ್ಪಿದೆ. ರಿಟ್ ಬೇಡ ಎಂದು ರೋಹಿತನಿಗೆ ಹೇಳಿದೆ. ಅವನಿಗೂ ಸಮಾಧಾನ ಆದ ಹಾಗೆ ಕಂಡಿತು, ಹಾರ್ಡ್‌ವೇರ್ ಅಂಗಡಿ ಬಿಟ್ಟು ಬೆಂಗಳೂರಿಗೆ ಯಾರು ಅಲೆಯುವುದು. "ಮಾವಾ, ಸಾತ್ವಿಕಾ ಸಹಿ ಹಾಕಿದರೆ ಮುಗಿಯಿತಲ್ಲ, ಅವಳಿಗೇನು ಹೊರೆಯಾ?" ಎಂದ. ನನಗೂ ಹಾಗೇ ಅನಿಸಿತು.

ಆದ್ದರಿಂದ ನಾನೇ ಎಲ್ಲ ತುಂಬಿಸಿ ಇದರ ಜೊತೆ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗುರುತು ಮಾಡಿದಲ್ಲಿ ಸಹಿ ಹಾಕು. ವೈದ್ಯರ ಸರ್ಟಿಫಿಕೇಟಿಗೆ ನೀನು ತಲೆಬಿಸಿ ಮಾಡುವುದು ಬೇಡ. ಬಂಟ್ವಾಳದಲ್ಲಿ ರೋಹಿತನ ಗುರುತಿನವರು ಒಬ್ಬರು ಇದ್ದಾರೆ, ನೀನು ಹೋಗಬೇಕೆಂದೂ ಇಲ್ಲ, ಆಧಾರ್ ಜೆರಾಕ್ಸ್ ಸಾಕು. ಮನಸ್ಸು ಸ್ವಸ್ಥ ಅಂತೆ. ಎಂ.ಎ. ಓದಿ ಪಾಠ ಮಾಡಿದವಳ ಮನಸ್ಸು ಪರೀಕ್ಷೆ ಮಾಡಲಿಕ್ಕೆ ಇವರು ಯಾರು? ನೋಡಿದೆಯಾ, ಬ್ರಿಟಿಷರ ಬುದ್ಧಿ ಎಲ್ಲಿ ಉಳಿದಿದೆ ಎಂದು.

ಸೋಲಾರ್ ಬೇಲಿ ರುಕ್ಮಯ್ಯ ಹಾಕಿಸಿದ್ದ. ಬಳ್ಳಿ ಹಬ್ಬಿ ಕರೆಂಟು ಹೋಯಿತು, ಹಂದಿ ಬೇಲಿಗೆ ಬೆನ್ನು ಉಜ್ಜಿ ಒಳಗೆ ಬಂತು. ನನ್ನ ಮರಗೆಣಸು ಅರ್ಧ ಸಾಲು ಹೋಯಿತು. ಒಂದು ಸಲ ಗುಂಡಿನ ಶಬ್ದ ಕೇಳಿಸಿದರೆ ಸಾಕು, ವಾರದವರೆಗೆ ಈ ಕಡೆ ತಲೆ ಹಾಕುವುದಿಲ್ಲ. ಕೊಲ್ಲಲಿಕ್ಕೆ ಅಲ್ಲ ಮಾರಾಯ್ತಿ, ಹೆದರಿಸಲಿಕ್ಕೆ.

ದೀಪಾವಳಿಯ ಮೊದಲು ಸಹಿ ಹಾಕಿ ಕಳುಹಿಸು. ಠಾಣೆಯವರು ವಿಚಾರಣೆ ಮಾಡಿ ವರದಿ ಹಾಕಲಿಕ್ಕೂ ಸಮಯ ಬೇಕು.

ಅಪ್ಪ

ಸಾತು, ಇದರ ಕೆಳಗೆ ಜಾಗ ಉಂಟೆಂದು ನಾನು ಎರಡು ಸಾಲು ಬರೆಯುತ್ತೇನೆ, ಅಪ್ಪ ಗದ್ದೆಯ ಕಡೆ ಹೋಗಿದ್ದಾರೆ. ಅವರಿಗೆ ನಾನು ಯಾವುದೂ ಹೇಳಲಿಲ್ಲ. ಹೇಳು ಎಂದು ನೀನೂ ಹೇಳಿರಲಿಲ್ಲ. ನಿನಗೆ ಬೇಡವಾದರೆ ಇದನ್ನು ಹಾಗೆಯೇ ಎತ್ತಿಡು, ಅವರು ನಾಲ್ಕು ದಿನ ಕೂಗಾಡಿ ಸುಮ್ಮನಾಗುತ್ತಾರೆ. ಮಾತ್ರೆ ಬಿಡಬೇಡ. ತೃಷಾಳಿಗೆ ಹಲಸಿನ ಹಪ್ಪಳ ಕೊಟ್ಟಿದ್ದೇನೆ, ಎಣ್ಣೆಯಲ್ಲಿ ಹುರಿಯುವಾಗ ಅವಳನ್ನು ದೂರ ಕೂರಿಸು. ಶಶಿಪ್ರಭಾ.


ಮೂಡುಬಿದಿರೆ
14 ಅಕ್ಟೋಬರ್ 2025

ಅಪ್ಪನಿಗೆ,

ಪೆನ್ಸಿಲಿನ ಗುರುತಿನ ಮೇಲೆ ಸಹಿ ಹಾಕಲಿಲ್ಲ. ಬಂಟ್ವಾಳದ ಡಾಕ್ಟರಿಗೆ ಆಧಾರ್ ಕಳುಹಿಸಲೂ ಇಲ್ಲ. ನೀವು ತುಂಬಿಸಿದ ಅರ್ಜಿ ಮತ್ತು ಆ ಸರ್ಟಿಫಿಕೇಟಿನ ನಮೂನೆ ಹಿಡಿದುಕೊಂಡು ಇಲ್ಲಿಯ ಡಾಕ್ಟರ್ ನವ್ಯಶ್ರೀಯವರ ಹತ್ತಿರ ಹೋದೆ. ನಾನು ಅವರ ಹತ್ತಿರ ಹೋಗಲು ಶುರುಮಾಡಿ ಎರಡು ವರ್ಷದ ಮೇಲಾಯಿತು. ಅವರು ಮನೋವೈದ್ಯರು. ಇದು ಅಮ್ಮನಿಗೆ ಗೊತ್ತು, ಭವಿತ್‌ಗೆ ಗೊತ್ತು. ನಿಮಗೆ ಈಗ ಗೊತ್ತಾಯಿತು.

ಅವರು ಕಾಗದ ಓದಿ ಕನ್ನಡಕ ತೆಗೆದರು.

"ಇದು ನಿಮಗೆ ಬೇಕಾ?" ಎಂದು ಕೇಳಿದರು.

"ಅಪ್ಪನಿಗೆ ಬೇಕು."

"ಅಪ್ಪನಿಗೆ ವಿಷಯ ಗೊತ್ತುಂಟಾ?"

"ಇಲ್ಲ."

"ಹಾಗಾದರೆ ನಾನು ಕೊಡುವುದಿಲ್ಲ ಎಂದು ಅವರಿಗೆ ಹೇಗೆ ಹೇಳುತ್ತೀರಿ?"

ನಾನು ಅರ್ಜಿಯನ್ನು ಮಡಚಲು ಹೊರಟೆ. ಅವರು, "ಈಗ ತುಂಬ ವಾಸಿ ಉಂಟು ನಿಮಗೆ. ಒಂದು ವರ್ಷ ಕಳೆದ ಮೇಲೆ ಕೊಡಲಿಕ್ಕೂ ಸಾಕು. ಆದರೆ ಇವತ್ತು ನಾನು ಬರೆದರೆ ಅದು ಸುಳ್ಳಾಗುತ್ತದೆ. ನಿಮಗೂ ಗೊತ್ತು, ಅದಕ್ಕೇ ನನ್ನ ಹತ್ತಿರ ತಂದದ್ದು" ಎಂದರು. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ತೃಷಾಳಿಗೆ ಐಸ್‌ಕ್ರೀಮ್ ಕೊಡಿಸಿದೆ. ಈಗ ಬರೆಯಲಿಕ್ಕೆ ಕುಳಿತಿದ್ದೇನೆ.

ಬಾಣಂತನದಲ್ಲಿ ನನ್ನನ್ನು ಮಲಗಿಸಿದ್ದು ಕೋವಿ ಇದ್ದ ಕೋಣೆಯಲ್ಲಿ. ಗಾಳಿ ಬರುವ ಕೋಣೆ ಅದೊಂದೇ, ಅದರಲ್ಲಿ ಯಾರ ತಪ್ಪೂ ಇಲ್ಲ. ಹೆರಿಗೆ ಆದವಳಿಗೆ ಮಗು ಮಲಗಿದಾಗ ನಿದ್ದೆ ಬರಬೇಕು. ನನಗೆ ಬರಲಿಲ್ಲ. ಒಂದು ದಿನ ಅಲ್ಲ, ಎರಡು ದಿನ ಅಲ್ಲ. ಮಂಚದಿಂದ ನೇರ ಕಾಣುವುದು ಆ ಗೋಡೆ. ಎಣ್ಣೆ ತಿಕ್ಕಲಿಕ್ಕೆ ಬರುತ್ತಿದ್ದ ಹೆಂಗಸು ಹೋದ ಮೇಲೆ, ಅಮ್ಮ ಅಡುಗೆಮನೆಯಲ್ಲಿದ್ದಾಗ, ನಾನು ಅದನ್ನೇ ನೋಡುತ್ತಿದ್ದೆ. ತೃಷಾಳಿಗೆ ಆಗ ಮಗ್ಗುಲು ಮಗುಚಲಿಕ್ಕೂ ಬರುತ್ತಿರಲಿಲ್ಲ. ಅವಳು ಕುರ್ಚಿ ಹತ್ತುತ್ತಾಳೆ ಎಂದು ನಾನು ಬರೆದದ್ದು ಈಗಿನ ಮಾತು. ಆಗ ನನಗೆ ಹೆದರಿಕೆ ಇದ್ದದ್ದು ಅವಳು ಅದನ್ನು ಮುಟ್ಟುತ್ತಾಳೆ ಎಂದಲ್ಲ. ನಾನು ಮುಟ್ಟುತ್ತೇನೆ ಎಂದು.

ಇಷ್ಟೇ ಬರೆಯುತ್ತೇನೆ. ಇದಕ್ಕಿಂತ ಹೆಚ್ಚು ಏನೂ ನಡೆಯಲಿಲ್ಲ.

ಒಂದು ಬೆಳಿಗ್ಗೆ ನಿಮ್ಮ ಹತ್ತಿರ ಕೇಳಿದೆ, ಅದನ್ನು ಬೇರೆ ಕಡೆ ಇಡಬಹುದಾ ಎಂದು. ನೀವು ಪೇಪರ್ ಓದುತ್ತಿದ್ದಿರಿ. "ನನ್ನ ಮಾವನ ಕಾಲದಿಂದ ಅಲ್ಲೇ ಉಂಟು, ಯಾರನ್ನೂ ಕಚ್ಚಲಿಲ್ಲ" ಎಂದಿರಿ. ತಮಾಷೆಗೆ ಹೇಳಿದ್ದು. ನಾನೂ ನಕ್ಕೆ ಎಂದು ನೆನಪು. ಅಮ್ಮ ನನ್ನ ಮುಖ ನೋಡಿದಳು. ಆ ಮಧ್ಯಾಹ್ನವೇ ತೋಟೆಗಳನ್ನೆಲ್ಲ ತೆಗೆದು ಎಲ್ಲಿಯೋ ಇಟ್ಟಳು, ಎಲ್ಲಿ ಎಂದು ನನಗೆ ಇವತ್ತಿಗೂ ಹೇಳಿಲ್ಲ. ಅವಳು ನನ್ನನ್ನು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ದಿನ ಕಳೆದು ಭವಿತ್‌ಗೆ ಫೋನು ಮಾಡಿದೆ. ಅವರ ಅಕ್ಕ ಬಂದು ಮೂಡುಬಿದಿರೆಗೆ ಕರೆದುಕೊಂಡು ಹೋದರು. ಊರಲ್ಲಿ ಏನೇನೋ ಮಾತಾಯಿತು, ಅಪ್ಪ ಮಗಳಿಗೆ ಜಗಳ ಎಂದು. ಅದೇ ಒಳ್ಳೆಯದಾಯಿತು ಎಂದುಕೊಂಡೆ. ಜಗಳ ಎಂದರೆ ಜನ ಬೇಗ ಒಪ್ಪುತ್ತಾರೆ.

ಹೋದ ಕಾಗದದಲ್ಲಿ ನೀವು ಕೇಳಿದಿರಿ, ನನ್ನ ಮನಸ್ಸು ಪರೀಕ್ಷೆ ಮಾಡಲಿಕ್ಕೆ ಇವರು ಯಾರು ಎಂದು. ಆ ಕಾಯ್ದೆಯ ಬೇರು ಅಪನಂಬಿಕೆ ಎಂದು ನಾನು ಈಗಲೂ ಹೇಳುತ್ತೇನೆ, ಪುನಃ ಕ್ಲಾಸಿಗೆ ಹೋದರೆ ಅಲ್ಲೂ ಹೇಳುತ್ತೇನೆ. ಆದರೆ ಇವಳು ಸ್ವಸ್ಥಳಾ ಎಂದು ಅಷ್ಟು ನೇರವಾಗಿ ಕೇಳಿದ್ದು ಅದೊಂದೇ. ನಮ್ಮ ಮನೆಯಲ್ಲಿ ಎಲ್ಲರಿಗೂ ನನ್ನ ಮೇಲೆ ನಂಬಿಕೆ. ಓದಿದವಳು, ಧೈರ್ಯದವಳು, ಅವಳಿಗೇನು. ಆ ನಂಬಿಕೆಯ ಒಳಗೆ ನನಗೆ ಬಾಯಿ ತೆರೆಯಲಿಕ್ಕೆ ಜಾಗ ಇರಲಿಲ್ಲ.

ಅರ್ಜಿ ವಾಪಸು ಇಟ್ಟಿದ್ದೇನೆ. ಮುಂದಿನದ್ದು ನಿಮ್ಮ ತೀರ್ಮಾನ. ಡೀಲರ ಹತ್ತಿರ ಇಡಬಹುದು, ಮಾರಬಹುದು. ಒಂದು ವರ್ಷ ಕಾದು ನನ್ನ ಹೆಸರಿಗೇ ಮಾಡಬೇಕೆಂದರೆ ಅದಕ್ಕೂ ದಾರಿ ಇರಬಹುದು, ಆಗ ಕೇಳಿ. ಈಗ ಮಾತ್ರ ಕೇಳಬೇಡಿ.

ಸಾತ್ವಿಕಾ


ಮೂಡುಬಿದಿರೆ
17 ನವೆಂಬರ್ 2025

ಅಪ್ಪನಿಗೆ,

ಕಾಗದ ತಲುಪಿತೋ ಇಲ್ಲವೋ ಎಂದು ನಿಝಾಮನನ್ನು ಕೇಳಿದೆ. "ರುಕ್ಮಯ್ಯಣ್ಣನ ಕೈಗೇ ಕೊಟ್ಟದ್ದು ಅಕ್ಕಾ, ಈ ಸಲ ಎಸೆಯಲೂ ಇಲ್ಲ" ಎಂದ. ದೀಪಾವಳಿ ಕಳೆಯಿತು, ನೀವು ಬರೆಯಲಿಲ್ಲ. ಫೋನು ಮಾಡಿದರೆ ಅಮ್ಮ ತೆಗೆಯುತ್ತಾಳೆ, ನೀವು ಗದ್ದೆಯಲ್ಲಿ ಎನ್ನುತ್ತಾಳೆ. ಕೊಯ್ಲು ಆದ ಗದ್ದೆಯಲ್ಲಿ ಇಡೀ ದಿನ ಏನು ಕೆಲಸ ಎಂದು ಕೇಳಿದೆ. "ಇರುತ್ತದೆ" ಎಂದಳು.

ನಾನು ಬರೆದದ್ದು ನಿಮಗೆ ನೋವು ಮಾಡಲಿಕ್ಕೆ ಅಲ್ಲ. ಅಷ್ಟು ತಿಳಿದರೆ ಸಾಕು. ನಾನು ಹುಷಾರಿದ್ದೇನೆ. ಜನವರಿಯಿಂದ ಕಾಲೇಜಿಗೆ ಬನ್ನಿ ಎಂದಿದ್ದಾರೆ, ಅತಿಥಿ ಉಪನ್ಯಾಸಕಿಯಾಗಿಯೇ. ಸಂವಿಧಾನದ ಪೇಪರ್ ಪುನಃ ನನಗೇ.

ಸಾತ್ವಿಕಾ


ವೇಣೂರು
3 ಡಿಸೆಂಬರ್ 2025

ಮಗಳು ಸಾತ್ವಿಕಾಳಿಗೆ,

ಅಕ್ಟೋಬರಿನ ಕಾಗದವನ್ನು ಅಭ್ಯಾಸದಂತೆ ರುಕ್ಮಯ್ಯನ ಅಂಗಡಿಯಲ್ಲಿ ನಿಂತೇ ಒಡೆದೆ. "ಏನು ಬರೆದಿದ್ದಾಳೆ ಸಂವಿಧಾನ?" ಎಂದು ಅವನು ಕೇಳಿದ. "ಇವತ್ತು ಕೈಬರಹ ಅರ್ಥವಾಗುವುದಿಲ್ಲ" ಎಂದು ಹೇಳಿ ಮನೆಗೆ ಬಂದೆ. ಆಮೇಲೆ ಅವನು ಕೇಳಲಿಲ್ಲ. ಈ ಕಾಗದ ಬರೆಯಲಿಕ್ಕೆ ಎಷ್ಟೋ ಸಲ ಕುಳಿತೆ. ಕೈ ನಡುಗುತ್ತದೆ ಎಂದು ಎದ್ದೆ. ಅದು ಹೇಗೂ ನಡುಗುತ್ತದೆ.

ನಿನ್ನ ಅಮ್ಮನಲ್ಲಿ ಕೇಳಿದೆ, ನಿನಗೆ ಗೊತ್ತಿತ್ತಾ ಎಂದು. ಹೌದು ಎಂದಳು. ನನಗೆ ಯಾಕೆ ಹೇಳಲಿಲ್ಲ ಎಂದೆ. "ನೀವು ಕೇಳಲಿಲ್ಲ" ಎಂದಳು. ಅವಳು ಮೊರದಲ್ಲಿ ಅಕ್ಕಿ ಗೇರುತ್ತಿದ್ದಳು, ಗೇರುವುದನ್ನು ನಿಲ್ಲಿಸಲಿಲ್ಲ. ಅದಕ್ಕೆ ನಾನು ಮಾತು ಬೆಳೆಸಲಿಲ್ಲ.

ನವೆಂಬರ್ ಕೊನೆಯ ಶುಕ್ರವಾರ ಕೋವಿಯನ್ನು ಠಾಣೆಗೆ ಒಪ್ಪಿಸಿದೆ. ಚುನಾವಣೆಗೆ ಇಡುವ ಹಾಗೆ ಅಲ್ಲ, ಪೂರ್ತಿ. ರೋಹಿತ ಬಂದಿದ್ದ, ಅವನ ಕಾರಿನಲ್ಲೇ ಹೋದದ್ದು. ದಾರಿಯಿಡೀ ಅವನದ್ದು ಒಂದೇ ಮಾತು. "ಮಾವಾ, ಇಷ್ಟು ಹಳೆಯದ್ದನ್ನು ಕೊಟ್ಟುಬಿಡುವುದಾ? ಮಂಗಳೂರಿನ ಡೀಲರಲ್ಲಿ ಇಡುವ. ಸಾತ್ವಿಕಾಳ ಸರ್ಟಿಫಿಕೇಟ್ ಬರಲಿ, ಆಮೇಲೆ ನೋಡುವ" ಎಂದ. "ಅವಳ ಸರ್ಟಿಫಿಕೇಟ್ ಕೇಳುವ ಕೆಲಸ ಮುಗಿಯಿತು" ಎಂದೆ. ಯಾಕೆ ಎಂದ. ಎದುರಿನಿಂದ ಲಾರಿ ಬರುತ್ತದೆ, ರಸ್ತೆ ನೋಡು ಎಂದೆ. ಅವನಿಗೆ ನಾನು ಏನೂ ಹೇಳಿಲ್ಲ. ಯಾರಿಗೂ ಹೇಳುವುದಿಲ್ಲ.

ಠಾಣೆಯಲ್ಲಿ ಬರೆದುಕೊಳ್ಳುವವರು ನಮ್ಮ ಕಡೆಯವರಲ್ಲ, ಬಯಲುಸೀಮೆಯ ಹುಡುಗಿ, ಚುರುಕಿನವಳು.

"ಕಾರಣ ಏನಂತ ಬರೀಲಿ ಅಜ್ಜಾರೆ?" ಎಂದು ಕೇಳಿದಳು.

"ವಯಸ್ಸು ಎಂದು ಬರಿ."

"ಮಕ್ಕಳಿಲ್ಲೇನು, ಹೆಸರಿಗೆ ಮಾಡ್ಸಾಕ?"

"ಮಗಳಿದ್ದಾಳೆ. ಅವಳಿಗೆ ಬೇಡ."

"ಅಷ್ಟೇನಾ?"

"ಅಷ್ಟು ಸಾಲದಾ?" ಎಂದೆ.

ಅವಳು ಬರೆದುಕೊಂಡಳು. ರಶೀದಿ ಕೊಟ್ಟಳು. ಹೊರಗೆ ಬಂದು ಕಾರಿನಲ್ಲಿ ಕುಳಿತ ಮೇಲೆ ನನಗೆ ಅನಿಸಿತು, ಆ ಹುಡುಗಿಯ ಹಾಗೆ ನಾನೂ, ಅದನ್ನು ಬೇರೆ ಕಡೆ ಇಡಬಹುದಾ ಎಂದು ನೀನು ಕೇಳಿದ ಬೆಳಿಗ್ಗೆ, ಯಾಕೆ ಎಂದು ಒಂದು ಮಾತು ಕೇಳಬಹುದಿತ್ತು. ಪೇಪರ್ ಅಷ್ಟು ದೊಡ್ಡ ವಿಷಯ ಅಲ್ಲ.

ಇದನ್ನು ನಿನ್ನ ವಾದ ಒಪ್ಪಿ ಮಾಡಿದ್ದು ಎಂದು ತಿಳಿಯಬೇಡ. ಕೊಡವರ ವಿಷಯ ನಾನು ಈಗಲೂ ಒಪ್ಪುವುದಿಲ್ಲ. ತಂಗಿಯ ಮಗನನ್ನು ಬಿಟ್ಟದ್ದೂ ಅನ್ಯಾಯವೇ. ಕಾಮತರದ್ದು ಸರಿ ಎಂದೇ ಹೇಳುತ್ತೇನೆ. ಆದರೆ ಲೈಸೆನ್ಸ್ ಮನೆಗಲ್ಲ, ಮನುಷ್ಯನಿಗೆ ಎಂದು ನೀನು ಬರೆದದ್ದನ್ನು ಯೋಚನೆ ಮಾಡಿದೆ. ನಾನು ಇಷ್ಟು ವರ್ಷ ಮನೆ ಎಂದೇ ಲೆಕ್ಕ ಹಾಕಿದ್ದು. ಮನೆಯ ಗದ್ದೆ, ಮನೆಯ ಕೋವಿ, ಮನೆಯ ಹೆಸರು. ಮನೆಯ ಒಳಗೆ ಮಲಗಿದವರನ್ನು ಪ್ರತ್ಯೇಕ ಲೆಕ್ಕ ಹಾಕಿರಲಿಲ್ಲ.

ಮೊನ್ನೆ ಹಂದಿ ಬಂತು. ನಾನು ತಗಡು ಬಡಿದೆ, ನಿನ್ನ ಅಮ್ಮ ಹಂಡೆ ಬಡಿದಳು. ಅದು ನಮ್ಮನ್ನು ಸ್ವಲ್ಪ ಹೊತ್ತು ನೋಡಿ, ತಿನ್ನುವಷ್ಟು ತಿಂದೇ ಹೋಯಿತು. ಮರಗೆಣಸು ಈ ವರ್ಷ ಪೇಟೆಯಿಂದ ತರುವುದು. ರುಕ್ಮಯ್ಯನಿಗೆ ನನ್ನ ಮೇಲೆ ಕೋಪ, ಅವನ ಅನಾನಸು ಹೋಯಿತು. ಬೇಲಿಯ ಬಳ್ಳಿ ಕಡಿಯಲಿಕ್ಕೆ ಇಬ್ಬರೂ ಸೇರಿ ಆಳು ಮಾಡಿದ್ದೇವೆ.

ಬರುವುದಾದರೆ ಬಾ, ರಾತ್ರಿ ಉಳಿಯಬೇಕೆಂದು ನಾನು ಹೇಳುವುದಿಲ್ಲ. ಬಾರದಿದ್ದರೆ ನಾನೇ ಬೆಳಗಿನ ಬಸ್ಸಿಗೆ ಅಲ್ಲಿಗೆ ಬರುತ್ತೇನೆ, ತೃಷಾಳನ್ನು ಸ್ವಲ್ಪ ಹೊತ್ತು ನೋಡಿಕೊಳ್ಳುತ್ತೇನೆ. ಆಗ ನೀನು ಮಲಗು. ನಿದ್ದೆ ಬಾರದಿದ್ದರೂ ಸುಮ್ಮನೆ ಮಲಗು.

ನಿದ್ದೆ ಈಗ ಹೇಗುಂಟು ಎಂದು ಬರಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಬರಿ.

ಅಪ್ಪ